ಒದಿಲಿಯಾ ದೀಪ ಆರಿಸುವ ತಿರುವು

ಒದಿಲಿಯಾ ಬ್ರೆನೆಸ್‌ಳ ಗಂಡನಿಗೆ ಕತ್ತಲೆಂದರೆ ಭಯ. ನಮ್ಮ ಬೆಟ್ಟದೂರು ಸಾಂತಾ ಎಲೆನಾದಲ್ಲಿ ಇದು ಗುಟ್ಟೇನಲ್ಲ, ಅಂಗಡಿ ಕಟ್ಟೆಯ ಮೇಲೆ ಕೂತು ಅವನೇ ಎಲ್ಲರಿಗೂ ಹೇಳಿಕೊಂಡು ನಗುತ್ತಾನೆ. ಹೆಸರು ಎವೇಲಿಯೊ, ಹಾಲಿನ ಲಾರಿ ಓಡಿಸುವ ಕೆಲಸ, ಕೊಬ್ಬಿದ ಹೋರಿಯನ್ನು ಕೊಂಬು ಹಿಡಿದು ನಿಲ್ಲಿಸುವಂಥ ಆಳು. ಹೊತ್ತು ಮುಳುಗಿತೋ, ಹಿತ್ತಲಿಂದ ಎರಡು ಸೌದೆ ತರಲಿಕ್ಕೂ ಹೆಂಡತಿಯನ್ನು ಕೂಗುತ್ತಾನೆ. ಆ ಹೆಂಡತಿಯೋ, ಹೊತ್ತು ಮುಳುಗಿದ ಮೇಲೆ ಎಲ್ಲೆಲ್ಲಿಂದಲೋ ಬಂದ ಜನರನ್ನು ಬೆನ್ನಿಗೆ ಹಾಕಿಕೊಂಡು ಮೋಡ ಕವಿದ ಕಾಡಿಗೆ ನುಗ್ಗುವವಳು. ದೇವರು ಜೋಡಿ ಕೂಡಿಸುವಾಗ ತಮಾಷೆಗೇ ಕೂಡಿಸುತ್ತಾನೋ ಏನೋ.

ಕತ್ತಲೆಯ ಸಹವಾಸ ಅವಳಿಗೆ ಚಿಕ್ಕಂದಿನಲ್ಲೇ ಅಂಟಿದ್ದು. ಅಪ್ಪನಿಗೆ ಹಸುಗಳಿದ್ದವು, ಮನೆ ತುಂಬ ಮಕ್ಕಳಿದ್ದರು. ಬೆಳಗಿನ ಜಾವ ಹಾಲಿನ ಕ್ಯಾನು ಹೊತ್ತ ಕುದುರೆಯ ಹಗ್ಗ ಹಿಡಿದು, ಕಾಡು ದಾಟಿ ಚೀಸ್ ಕಾರ್ಖಾನೆಗೆ ಮುಟ್ಟಿಸಿ ಬರುವ ಕೆಲಸ ಇವಳ ಪಾಲಿಗೆ ಬಂತು. ಲಾಂದ್ರ ಇರಲಿಲ್ಲವೆಂದಲ್ಲ. ಮೋಡದೊಳಗೆ ಲಾಂದ್ರ ಹಚ್ಚಿದರೆ ಮುಖದ ಮುಂದೆ ಬಿಳೀ ಗೋಡೆ ಎದ್ದು ನಿಲ್ಲುತ್ತದೆ, ಆರಿಸಿದರೇನೇ ದಾರಿ ಕಾಣುವುದು. ಹೀಗೆ ಆರಿಸಿಕೊಂಡೇ ನಡೆಯುವುದನ್ನು ಕಲಿತಳು. ದೊಡ್ಡವಳಾದ ಮೇಲೆ ಅದೇ ಕಾರ್ಖಾನೆಯಲ್ಲಿ ಉಪ್ಪುನೀರಿನ ತೊಟ್ಟಿಗೆ ಚೀಸ್ ಉಂಡೆ ಇಳಿಸುವ ಕೆಲಸ ಮಾಡಿದಳು, ವರ್ಷಗಟ್ಟಲೆ ಮಾಡಿದಳು, ಕೈಯೆಲ್ಲ ಬಿರಿದು ರಕ್ತ ಬರುವ ತನಕ. ಆಗ ದೋನ್ ಅಬೆಲಿನೊ ಮನೆಗೆ ಬಂದ. ಹಸು ಮಾರಿ, ಉಳಿದ ಕಾಡಿನಲ್ಲಿ ಪ್ರವಾಸಿಗಳಿಗೆ ಪ್ರಾಣಿ ಪಕ್ಷಿ ತೋರಿಸುವ ರಾತ್ರಿ ನಡಿಗೆ ಶುರು ಮಾಡಿದ್ದ ಮುದುಕ ಅವನು. ನಮ್ಮಲ್ಲಿ ಮರ್ಯಾದೆಗೆ ಗಂಡಸರನ್ನು ದೋನ್, ಹೆಂಗಸರನ್ನು ದೋನ್ಯಾ ಎನ್ನುತ್ತೇವೆ.

"ದೋನ್ಯಾ ಒದಿಲಿಯಾ, ನನಗೆ ಹಾವಿಗೆ ಹೆದರದ ಗಂಡಸ್ರು ಬೇಕಾದಷ್ಟು ಜನ ಸಿಕ್ಕಿದಾರೆ," ಎಂದ ಅವನು, ಬಿಸಿ ಬೆಲ್ಲದ ನೀರು ಹೀರುತ್ತಾ. "ಕತ್ತಲೆಗೆ ಹೆದರದವರು ಒಬ್ರೂ ಸಿಕ್ಕಿಲ್ಲ. ಎಲ್ರೂ ಟಾರ್ಚು ಆರಿಸೋಕೇ ಒಲ್ಲೆ ಅಂತಾರೆ."

"ನಮ್ಮನೇಲೂ ಒಬ್ಬರಿದಾರೆ ಅಂಥವರು," ಎಂದಳು ಒದಿಲಿಯಾ. ಎವೇಲಿಯೊ ಒಳಗಿನಿಂದ ಕೆಮ್ಮಿದ.

ಅಂದಿನಿಂದ ಅವಳ ನಡಿಗೆಯೇ ಬೇರೆ. ಮಿಕ್ಕವರು ಟಾರ್ಚು ಬೀಸಿಕೊಂಡು ಕೊಂಬೆ ಕೊಂಬೆ ತಡಕುತ್ತಾರೆ. ಇವಳು ನಿಲ್ಲುತ್ತಾಳೆ, ಮೂಗು ಅರಳಿಸುತ್ತಾಳೆ, ಸುಮ್ಮನಿರಿ ಎಂದು ಕೈ ಎತ್ತುತ್ತಾಳೆ. ಎಲ್ಲೋ ಮೇಲೆ ಅಂಜೂರದ ಸಿಪ್ಪೆ ಎಲೆಯ ಮೇಲೆ ಟಪ್ಪೆಂದರೆ ಸಾಕು, ಅಲ್ಲಿಗೆ ಬೆಳಕು ಬಿಟ್ಟಾಗ ಜೇನುಬಣ್ಣದ, ಬೆಕ್ಕಿನಷ್ಟು ದೊಡ್ಡ ಮರಪ್ರಾಣಿ ಮಾರ್ತಿಯಾ ಬಾಲದಲ್ಲಿ ಜೋತುಬಿದ್ದು ಎರಡೂ ಕೈಯಲ್ಲಿ ಹಣ್ಣು ಹಿಡಿದು ತಿನ್ನುತ್ತಿರುತ್ತದೆ. ದಾರಿಬದಿಯ ಮಣ್ಣಗೋಡೆಯಲ್ಲಿ ಒಂದು ದೊಡ್ಡ ಜೇಡನ ಬಿಲವಿದೆ. ಬೇರೆಯವರು ಹುಲ್ಲುಕಡ್ಡಿ ಆಡಿಸಿ ಅದನ್ನು ಹೊರಗೆ ಎಳೆಯುತ್ತಾರೆ. ಒದಿಲಿಯಾ ಎಳೆಯುವುದಿಲ್ಲ. "ಅವಳ ಮನೆ ಬಾಗಿಲು ತಟ್ಟೋಕೆ ನಾವು ಯಾವ ನೆಂಟರು? ಬಂದ್ರೆ ಬರ್ತಾಳೆ," ಎಂದು ಪ್ರವಾಸಿಗಳನ್ನು ಬಿಲದ ಮುಂದೆ ಚರ್ಚಿನಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸುತ್ತಾಳೆ. ಬರದಿದ್ದರೆ ಮುಂದಕ್ಕೆ. ಗೊಣಗುವವರು ಗೊಣಗುತ್ತಾರೆ. ಆದರೆ ಒಮ್ಮೆ ಅದು ತಾನಾಗಿ, ಒಂದೊಂದೇ ಕಾಲು ಮುಂದಿಟ್ಟು ಬಂದದ್ದನ್ನು ಕಂಡವರು ವರ್ಷ ಬಿಟ್ಟು ಮತ್ತೆ ಬಂದು ಅವಳನ್ನೇ ಹೆಸರು ಹಿಡಿದು ಕೇಳಿದ್ದಾರೆ.

ಸಿಟ್ಟೂ ಅಷ್ಟೇ ಇತ್ತು, ಸುಳ್ಳು ಯಾಕೆ ಹೇಳಬೇಕು. ತಪ್ಪು ಕಂಡರೆ ಎದುರಿಗಿರುವವರು ಯಾರೆಂದು ನೋಡದೆ ಹೇಳಿಬಿಡುವವಳು. ಗೈಡುಗಳ ವಾಕಿಟಾಕಿ ರೇಡಿಯೋದ ಕಟ್ಟಳೆ ಬಂದದ್ದೂ ಅವಳ ಆ ಬಾಯಿಯಿಂದಲೇ.

ಮೊದಲೆಲ್ಲ ಒಬ್ಬೊಬ್ಬ ಗೈಡೂ ತಾನು ಕಂಡದ್ದನ್ನು ಬಚ್ಚಿಟ್ಟುಕೊಳ್ಳುತ್ತಿದ್ದ. ಒಬ್ಬನಿಗೆ ಹಸಿರು ಗುಳಿಮಂಡಲ ಹಾವು ಸಿಕ್ಕರೆ ಅವನ ಗುಂಪಿಗೆ ಹಬ್ಬ, ಪಕ್ಕದ ದಾರಿಯವರಿಗೆ ಬರೀ ಎಲೆಕಪ್ಪೆ. ಒದಿಲಿಯಾ ಜಗಳವಾಡಿ ಎಲ್ಲರನ್ನೂ ಒಂದು ಮೇಜಿಗೆ ಕೂರಿಸಿದಳು. ಕಂಡದ್ದನ್ನು ಎರಡನೇ ಚಾನೆಲ್‌ನಲ್ಲಿ ಎಲ್ಲರಿಗೂ ಹೇಳಬೇಕು, ಸರದಿಯ ಮೇಲೆ ಎಲ್ಲರೂ ಬಂದು ನೋಡಬೇಕು. ಮೊದಲನೇ ಚಾನೆಲ್ ಅಪಾಯಕ್ಕೆ ಮಾತ್ರ: ಯಾರಾದರೂ ಬಿದ್ದರೆ, ಹಾವು ಕಚ್ಚಿದರೆ, ಮರ ಮುರಿದರೆ. ಅಲ್ಲಿ ಹುಡುಗಾಟ ಕೂಡದು. ಇನ್ನು, ಕಂಡದ್ದನ್ನು ಬಚ್ಚಿಟ್ಟವರಿಗೆ ಶಿಕ್ಷೆ? ಉಳಿದವರೆಲ್ಲ ಗುಟ್ಟಾಗಿ ಬೇರೆ ಚಾನೆಲ್‌ಗೆ ಹೋಗಿಬಿಡುವುದು. ಬಚ್ಚಿಟ್ಟವನು ಎರಡನೇ ಚಾನೆಲ್‌ನಲ್ಲಿ ಬರೀ ಸುಯ್ಯೆನ್ನುವ ಸದ್ದು ಕೇಳಿಕೊಂಡಿರಲಿ. ಈ ಶಿಕ್ಷೆಯನ್ನು ಹುಡುಕಿದವಳೂ ಅವಳೇ.

ಮೊದಲು ಆ ಶಿಕ್ಷೆ ತಿಂದವನು ವಿಲ್ಬೆರ್ ತ್ರೆಹೋಸ್. ಒಳ್ಳೆಯ ಕಣ್ಣಿನ ಗೈಡು, ಆದರೆ ಆಸೆಬುರುಕ. ಹಬ್ಬದ ರಜೆಯ ಪವಿತ್ರ ವಾರದಲ್ಲಿ, ಊರು ಜನರಿಂದ ತುಂಬಿ ತುಳುಕುವಾಗ, ಸೇತುವೆಯ ಹತ್ತಿರ ಮಲಗಿದ್ದ ಗುಳಿಮಂಡಲವನ್ನು ಯಾರಿಗೂ ಹೇಳದೆ ತನ್ನ ಗುಂಪುಗಳಿಗೆ ಮಾತ್ರ ತೋರಿಸಿದ. ಒದಿಲಿಯಾ ಮೇಜಿನ ಮುಂದೆ ಎದ್ದು ನಿಂತು, "ಇವನ ಚಾನೆಲ್ ಕತ್ತರಿಸಿ," ಎಂದಳು. ಕತ್ತರಿಸಿದರು. ಆ ವಾರವೆಲ್ಲ ವಿಲ್ಬೆರ್ ಕಾಡಿನಲ್ಲಿ ಕಿವುಡನ ಹಾಗೆ ಅಲೆದ. ಆಮೇಲೆ ಅವನನ್ನು ಸೇರಿಸಿಕೊಂಡರೂ, ಅವಳು ಇದ್ದ ಬೆಂಚಿನ ಮೇಲೆ ಅವನು ಮತ್ತೆ ಕೂತಿಲ್ಲ. ವರ್ಷಗಳೇ ಆದವು.

ಕಟ್ಟಳೆ ಚೆನ್ನಾಗಿಯೇ ನಡೆಯುತ್ತಿತ್ತು, ಹೋದ ವರ್ಷದವರೆಗೆ.

ಹೋದ ವರ್ಷ ಒದಿಲಿಯಾಗೆ ಒಂದು ಬೆಟ್ಟದ ಕೋಳಿಯ ಗೂಡು ಕಂಡಿತು. ಬೆಟ್ಟದ ಕೋಳಿ ನೆಲದ ಮೇಲೇ ಮೊಟ್ಟೆ ಇಡುತ್ತದೆ. ಇಟ್ಟ ಹೆಣ್ಣು ಹೊರಟುಹೋಗುತ್ತದೆ, ಕಾವು ಕೂರುವುದು ಗಂಡು. ಮೊಟ್ಟೆಯೋ, ಹೊಸ ಪಿಂಗಾಣಿ ಬಟ್ಟಲಿನ ಹಾಗೆ ನೀಲಿ ಹಸಿರಾಗಿ ಹೊಳೆಯುತ್ತದೆ. ಅದನ್ನು ಕಂಡವರಿಗೆ ಇನ್ನೊಬ್ಬರಿಗೆ ತೋರಿಸದೆ ಇರಲು ಆಗುವುದಿಲ್ಲ, ಅದೇ ಕೇಡು. ಕಟ್ಟಳೆಯ ಪ್ರಕಾರ ರೇಡಿಯೋದಲ್ಲಿ ಹೇಳಿದಳು. ಪ್ರವಾಸಿಗಳಿಗೆ ತೋರಿಸುವುದು ಬೇಡವೆಂದು ಕೇಳಿಕೊಂಡಳು, ಎಲ್ಲರೂ ಒಪ್ಪಿದರು. ಮಾತಿಗೆ ತಪ್ಪಿದವರೂ ಯಾರಿಲ್ಲ, ಪ್ರವಾಸಿಗಳಿಗೆ ಯಾರೂ ತೋರಿಸಲಿಲ್ಲ. ದೋನ್ ಅಬೆಲಿನೊ ಮಾತ್ರ ಪಾದ್ರಿಯನ್ನು ಕರೆದುಕೊಂಡು ಹೋದ, ಪಾದ್ರಿ ಪ್ರವಾಸಿಯಲ್ಲವಲ್ಲ. ಇನ್ನೊಬ್ಬ ಗೈಡು ಮಿನೋರ್ ತನ್ನ ಮಾವನನ್ನು ಕರೆದುಕೊಂಡು ಹೋದ. ವಿಲ್ಬೆರ್ ತಾಯಿಯನ್ನು. ಹೀಗೆ ಒಬ್ಬೊಬ್ಬರೂ, ಇವರೊಬ್ಬರೇ, ಒಂದೇ ಸಲ, ಎಂದುಕೊಂಡೇ ಹೋದರು. ಒದಿಲಿಯಾ ಕೂಡ ಕಾರ್ತಾಗೊ ಪಟ್ಟಣದಿಂದ ಬಂದಿದ್ದ ತಂಗಿಯ ಮಗಳಿಗೆ ತೋರಿಸಿದಳು, ಮದುವೆಯಾಗಿ ಹೋಗುವ ಹುಡುಗಿ, ಒಮ್ಮೆ ನೋಡಲಿ ಎಂದು. ಒಂದು ರಾತ್ರಿ ಕೋಳಿ ಬೆದರಿ ಎದ್ದು, ಕತ್ತಲೆಯಲ್ಲಿ ಕೊಂಬೆಗೆ ಕೊಂಬೆಗೆ ಬಡಿದುಕೊಂಡು ಹಾರಿತು. ಮತ್ತೆ ಬರಲಿಲ್ಲ. ಬೆಳಗ್ಗೆ ಮುಂಗುಸಿಯಂಥ, ಉದ್ದ ಮೂತಿಯ ಪಿಸೋತೆಗಳು ಬಂದು ಮೊಟ್ಟೆ ಒಡೆದು ಕುಡಿದು ಹೋಗಿದ್ದವು. ನೀಲಿ ಚೂರುಗಳನ್ನು ಆರಿಸುತ್ತಾ ಅವಳು ಅಲ್ಲೇ ಕೂತು ಅತ್ತಳು. ಯಾರನ್ನು ಬೈಯುವುದು? ಬೈಯಬೇಕಾದವರ ಸಾಲಿನಲ್ಲಿ ತಾನೂ ಇದ್ದಳಲ್ಲ.

ಈ ವರ್ಷ ಮೇ ತಿಂಗಳ ಮೊದಲ ಮಳೆ ಬಿದ್ದ ವಾರ, ಮೇಲಿನ ದಾರಿಯ ತಿರುವಿನಲ್ಲಿ, ಬಿದ್ದ ಮರದ ಬುಡಕ್ಕೆ ಒತ್ತಿಕೊಂಡು, ಇನ್ನೊಂದು ಬೆಟ್ಟದ ಕೋಳಿ ಕೂತಿತ್ತು. ದಾರಿಗೆ ತೀರಾ ಹತ್ತಿರ, ಕೈ ಚಾಚಿದರೆ ಮುಟ್ಟುವಷ್ಟು. ಒದಿಲಿಯಾ ಟಾರ್ಚು ಆರಿಸಿದಳು. ರೇಡಿಯೋ ಗುಂಡಿಯ ಮೇಲೆ ಬೆರಳಿಟ್ಟಳು, ತೆಗೆದಳು.

ಮೇಲಿನ ದಾರಿ ಅವಳ ಪಾಲಿನದು. ಏನಾದರೂ ಕಂಡಿದೆ ಎಂದು ಕರೆದಾಗ ಮಾತ್ರ ಬೇರೆಯವರು ಅಲ್ಲಿಗೆ ಬರುತ್ತಿದ್ದರು. ಅಂದಿನಿಂದ ತಿರುವು ಬರುವ ಮುಂಚೆಯೇ ಅವಳು ತನ್ನ ಗುಂಪಿನವರ ದೀಪಗಳನ್ನೆಲ್ಲ ಆರಿಸತೊಡಗಿದಳು. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು, ಮಾತಿಲ್ಲದೆ, ಅವಳ ಹಿಂದೆ ಆ ತಿರುವನ್ನು ದಾಟಬೇಕು. "ಇಲ್ಲಿ ನೋಡೋದಲ್ಲ, ಕೇಳೋದು," ಎನ್ನುತ್ತಿದ್ದಳು. ಪಾಪ, ಅವರು ಕೇಳುತ್ತಿದ್ದರು. ಹನಿ ಬೀಳುವುದು, ಕಪ್ಪೆ ಕೂಗುವುದು. ಪಕ್ಕದಲ್ಲೇ ಒಂದು ಹಕ್ಕಿ ಉಸಿರು ಬಿಗಿಹಿಡಿದು ಕೂತಿದೆಯೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಗೊತ್ತಾದದ್ದು ವಿಲ್ಬೆರ್‌ಗೆ. ಹಕ್ಕಿಯದಲ್ಲ, ಗುಟ್ಟಿನದು. ಕೊರಕಲಿನ ಈಚೆಯ ಕೆಳಗಿನ ದಾರಿಯಿಂದ ನೋಡಿದರೆ ಮೇಲಿನ ದಾರಿಯ ದೀಪಗಳು ಕಾಣುತ್ತವೆ. ಪ್ರತಿ ರಾತ್ರಿ ಒಂದೇ ಜಾಗದಲ್ಲಿ ಅವು ಆರಿ, ಸ್ವಲ್ಪ ಮುಂದೆ ಹೊತ್ತುವುದನ್ನು ಅವನು ಗಮನಿಸಿದ. ಎಲ್ಲರಿಗೂ ಕೇಳುವ ಹಾಗೆ ರೇಡಿಯೋದಲ್ಲೇ ಕೇಳಿದ.

"ದೋನ್ಯಾ ಒದಿಲಿಯಾ, ತಿರುವಲ್ಲಿ ಏನಿಟ್ಕೊಂಡಿದೀರಿ?"

"ಏನೂ ಇಲ್ಲ."

"ಏನೂ ಇಲ್ಲದ ಜಾಗದಲ್ಲಿ ದೀಪ ಯಾಕೆ ಆರಿಸ್ತೀರಿ?"

"ಜನಕ್ಕೆ ಕತ್ತಲೆ ತೋರಿಸ್ತಿದೀನಿ. ನಿನಗೆ ಬೇಕಿದ್ರೆ ನೀನೂ ಬಾ, ಟಿಕೆಟ್ ತಗೊಂಡು."

ಯಾರೋ ನಕ್ಕರು. ವಿಲ್ಬೆರ್ ನಗಲಿಲ್ಲ. ಮರುದಿನ ಸಂಜೆ, ನಡಿಗೆಗೆ ಮುಂಚೆ ಎಲ್ಲರೂ ದೋನ್ ಅಬೆಲಿನೊನ ಅಡುಗೆಮನೆಯ ಮೇಜಿಗೆ ಕೂತು ತೋರ್ತಿಯಾ ರೊಟ್ಟಿ, ಚೀಸ್ ತಿನ್ನುವಾಗ, ಅವನು ತಟ್ಟೆ ಸರಿಸಿ ಎದ್ದು ನಿಂತ.

"ಅವತ್ತು ನಾನು ಹಾವು ಬಚ್ಚಿಟ್ಟಾಗ ಈಯಮ್ಮ ಏನಂದ್ರು ಎಲ್ರಿಗೂ ನೆನಪಿದೆಯಲ್ಲ. ಈಗ ಅವರೇ ಹೇಳ್ಲಿ. ತಿರುವಲ್ಲಿ ಏನೂ ಇಲ್ಲ ಅಂತ ಕನ್ಯಾಮಾತೆ ಆಣೆ ಮಾಡಿ ಹೇಳ್ಲಿ. ನಾನು ಕ್ಷಮೆ ಕೇಳ್ತೀನಿ."

ಒದಿಲಿಯಾಳ ಬಾಯಿಗೆ ಆಣೆ ಬರಲಿಲ್ಲ.

"ಇದೆ," ಎಂದಳು. "ಹೇಳಲ್ಲ."

ಮಿನೋರ್ ಬಾಯಲ್ಲಿದ್ದ ತುತ್ತು ಅಗಿಯುವುದನ್ನು ನಿಲ್ಲಿಸಿದ. ಅವಳನ್ನು ಅಕ್ಕನ ಹಾಗೆ ಕಾಣುತ್ತಿದ್ದವನು ಅವನು. "ಹೇಳ್ಬಿಡಿ ದೋನ್ಯಾ, ನಾವೇನು ಹೊರಗಿನವರಾ?"

"ಹೊರಗಿನವರಾಗಿದ್ರೆ ಹೇಳ್ತಿದ್ದೆ, ಮಾರಾಯ."

ಆ ಮಾತು ಯಾರಿಗೂ ಹಿಡಿಸಲಿಲ್ಲ. ಕತ್ತರಿಸಿದರು.

ರೇಡಿಯೋ ಇಲ್ಲದೆ ರಾತ್ರಿ ಕಾಡು ತೋರಿಸುವುದೆಂದರೆ ಏನೆಂದು ಅವಳಿಗೆ ಆಗ ಅರ್ಥವಾಯಿತು. ಎಷ್ಟೇ ಮೂಗು ಕಿವಿ ಚುರುಕಿದ್ದರೂ ಒಬ್ಬಳಿಗೆ ಕಾಣುವುದು ಒಬ್ಬಳಿಗೆ ಕಾಣುವಷ್ಟೇ. ಪಕ್ಕದ ಗುಂಪುಗಳು ಮರಿ ಹೊತ್ತು ಕೊಂಬೆಗೆ ತೂಗುವ ಸೋಮಾರಿಪ್ರಾಣಿ ನೋಡಿ, ಮುದುಡಿ ಹಸಿರು ಚೆಂಡಾಗಿ ನಿದ್ದೆಹೋದ ಟೂಕನ್ ಹಕ್ಕಿ ನೋಡಿ, ಕುಣಿಯುತ್ತಾ ವಾಪಸು ಬರುತ್ತಿದ್ದವು. ಇವಳ ಗುಂಪು ಒಂದು ಕಡ್ಡಿಹುಳ, ಎರಡು ಕಪ್ಪೆ ನೋಡಿ ಒದ್ದೆ ಕಾಲುಚೀಲ ಹಿಂಡುತ್ತಿತ್ತು. ಒಂದು ರಾತ್ರಿ ದಪ್ಪನೆಯ ಗೃಹಸ್ಥರೊಬ್ಬರು ಕತ್ತಲೆ ತಿರುವಿನಲ್ಲಿ ಎಡವಿ ಕೆಸರಿಗೆ ಕೂತುಬಿಟ್ಟರು. ದುಡ್ಡು ವಾಪಸು ಕೊಡಿ ಎಂದು ದೋನ್ ಅಬೆಲಿನೊನ ಮುಂದೆ ಕೂಗಾಡಿದರು. ಎರಡನೇ ಚಾನೆಲ್ ಸುಯ್ಯೆನ್ನುತ್ತಲೇ ಇತ್ತು. ಆದರೂ ಅವಳು ಅದನ್ನು ಬಂದ್ ಮಾಡುತ್ತಿರಲಿಲ್ಲ.

ಎವೇಲಿಯೊಗೂ ಹೇಳಿರಲಿಲ್ಲ. ಹೇಳಿದರೆ ನಾಳೆ ಬೆಳಗ್ಗೆ ಹಾಲಿನ ಜೊತೆ ಸುದ್ದಿಯೂ ಎಲ್ಲ ಮನೆಗೆ ಹಂಚಿ ಬರುವ ಆಸಾಮಿ.

"ಏನೋ ಒಂದು ಹುಳಕ್ಕೋ ಹಕ್ಕಿಗೋ ಕೆಲಸ ಕಳ್ಕೋತೀಯಲ್ಲೇ," ಎಂದ ಅವನು ಒಂದು ರಾತ್ರಿ. ಅವಳ ಒದ್ದೆ ಬೂಟಿಗೆ ಹಳೇ ಪೇಪರು ತುರುಕುತ್ತಿದ್ದ. "ಮತ್ತೆ ಆ ಉಪ್ಪುನೀರಿಗೆ ಕೈ ಹಾಕ್ತೀಯ?"

"ಹಾಕ್ತೀನಿ."

"ನಿನ್ನ ಕೈ ನೋಡ್ಕೊಂಡಿದೀಯ?"

ಅವಳು ನೋಡಿಕೊಳ್ಳಲಿಲ್ಲ. ಕೈ ನೋಡಿಕೊಂಡರೆ ಧೈರ್ಯ ಸಾಲದೇ ಹೋದೀತೆಂದು ಹೆದರಿಕೆ. ರಾತ್ರಿ ಕಾಡು ಬಿಟ್ಟರೆ ತನಗೆ ಬೇರೆ ಬದುಕೇ ಬೇಡವೆಂದು ಅವಳಿಗೆ ಎಂದೋ ತಿಳಿದುಹೋಗಿತ್ತು.

ಆ ಬುಧವಾರ ದೋನ್ ಅಬೆಲಿನೊ ಅವಳನ್ನು ಜಗಲಿಗೆ ಕರೆದ. ಕೂರಿಸಿ, ಕಾಫಿ ಕೊಟ್ಟು, ಆಮೇಲೆ ಹೇಳಿದ. ಒಳ್ಳೆಯ ಮನುಷ್ಯ, ಕೆಟ್ಟ ಮಾತನ್ನೂ ಮರ್ಯಾದೆಯಿಂದಲೇ ಆಡುವವನು.

"ಶನಿವಾರ ಮಧ್ಯಾಹ್ನ ಮೇಜಿನ ಮುಂದೆ ಅದೇನೂಂತ ಹೇಳ್ಬಿಡಿ, ದೋನ್ಯಾ. ಇಲ್ಲಾಂದ್ರೆ ಸೋಮವಾರದಿಂದ ನೀವು ಬರೋದು ಬೇಡ. ನನಗೆ ಇದನ್ನ ಹೇಳೋಕೆ ಎಷ್ಟು ಸಂಕಟ ಅಂತ ನಿಮಗೆ ಗೊತ್ತು."

"ಗೊತ್ತು," ಎಂದಳು. ಇವನಿಗೊಬ್ಬನಿಗೆ ಹೇಳಿಬಿಡಲೇ ಎಂದು ಅನ್ನಿಸಿತು. ಹೋದ ವರ್ಷ ಪಾದ್ರಿಯ ಹಿಂದೆ ಟಾರ್ಚು ಹಿಡಿದು ಹೋದದ್ದು ಇದೇ ಒಳ್ಳೆಯ ಮನುಷ್ಯನೆಂದು ನೆನಪಾಗಿ, ಕಾಫಿ ಕುಡಿದು ಎದ್ದಳು. ಮೊಟ್ಟೆಯೊಡೆದು ಮರಿ ಬರಲು ಇನ್ನೂ ಒಂದು ವಾರವಾದರೂ ಬೇಕಿತ್ತು.

ಶುಕ್ರವಾರ ರಾತ್ರಿ, ನಾವು 'ಬೆಕ್ಕಿನ ಕೂದಲು' ಎನ್ನುವ ಜಿನುಗು ಮಳೆ, ಬಿದ್ದದ್ದೇ ತಿಳಿಯದ ಹಾಗೆ ಗಾಳಿಯಲ್ಲಿ ತೇಲುತ್ತಿತ್ತು. ಒದಿಲಿಯಾಗೆ ಆ ದಿನ ಸಿಕ್ಕವರು ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಹೆಂಗಸಿಗೆ ಮೊಣಕಾಲು ನೋವು, ಅದಕ್ಕೇ ತಿರುವು ದಾಟಿಸಿಕೊಂಡು ಬೇಗ ಕೆಳಗಿಳಿದು ಕೊರಕಲಿನ ಈಚೆ ಬಂದಿದ್ದಳು. ಅವರಿಗೆ ಎಲೆಯ ಕೆಳಗಿನ ಕಪ್ಪೆ ತೋರಿಸುತ್ತಾ ತಲೆಯೆತ್ತಿದರೆ, ಎದುರಿನ ಮೇಲಿನ ದಾರಿಯಲ್ಲಿ ದೀಪಗಳು. ಸಾಲಾಗಿ ಬರುತ್ತಿವೆ. ಮುಂದಿನದು ತಿರುವಿನ ಕಡೆಗೇ ಹೊರಟಿದೆ. ಎಡಕ್ಕೆ ಬಲಕ್ಕೆ ಬೀಸುವ ಆ ಬೆಳಕಿನ ಆಟ ಯಾರದೆಂದು ಇಲ್ಲಿ ಯಾರಿಗಾದರೂ ಗೊತ್ತಾಗುತ್ತದೆ. ವಿಲ್ಬೆರ್.

ಕೂಗಿದರೆ ಹಕ್ಕಿ ಎದ್ದೇಳುತ್ತದೆ. ರೇಡಿಯೋದಲ್ಲಿ ಬೇಡಿಕೊಳ್ಳೋಣವೆಂದರೆ ಅವರು ಯಾವ ಚಾನೆಲ್‌ನಲ್ಲಿದ್ದಾರೋ. ಮೊದಲನೆಯದರಲ್ಲಿ ಕೂಗಿದರೆ ಎಲ್ಲ ದೀಪಗಳೂ ಅಲ್ಲಿಗೇ ಓಡಿಬರುತ್ತವೆ. ದೀಪಗಳು ತಿರುವಿಗೆ ಬಂದವು. ನಿಂತವು. ಒಂದು ಬೆಳಕು ಬಗ್ಗಿತು, ಬಿದ್ದ ಮರದುದ್ದಕ್ಕೂ ಜಾರಿತು, ಒಂದು ಕಡೆ ನಿಂತುಬಿಟ್ಟಿತು. ಅಲ್ಲೇ. ಒದಿಲಿಯಾ ಕಣ್ಣು ಮುಚ್ಚಿಕೊಂಡಳು. ರೆಕ್ಕೆ ಬಡಿಯುವ ಸದ್ದಿಗೆ ಕಾದಳು.

ಸದ್ದು ಬರಲಿಲ್ಲ. ಕಣ್ಣು ಬಿಟ್ಟಾಗ ಬಗ್ಗಿದ್ದ ಬೆಳಕು ಆರಿತ್ತು. ಹಿಂದಿನದೂ ಆರಿತು. ಅದರ ಹಿಂದಿನದೂ. ಒಂದೊಂದಾಗಿ ಎಲ್ಲವೂ ಆರಿ, ಎದುರಿನ ಬೆಟ್ಟ ಕರ್ರಗಾಯಿತು. ಬಹಳ ಹೊತ್ತಾದ ಮೇಲೆ ದೀಪಗಳು ಮತ್ತೆ ಹೊತ್ತಿದವು, ಬಂದ ದಾರಿಯಲ್ಲೇ ಹಿಂದೆ, ತಿರುವಿನಿಂದ ದೂರ.

ಆಮೇಲೆ ಅವಳ ಸೊಂಟದಲ್ಲಿದ್ದ ರೇಡಿಯೋ ಮಾತಾಡಿತು. ಮೊದಲನೇ ಚಾನೆಲ್.

"ಎಲ್ಲರೂ ಕೇಳಿ. ವಿಲ್ಬೆರ್ ಮಾತಾಡ್ತಿರೋದು. ಮೇಲಿನ ದಾರೀಲಿ ಮಣ್ಣು ಕುಸಿದಿದೆ. ತಿರುವಿಗೆ ಮುಂಚೆಯೇ ದಾರಿ ಹೋಗಿದೆ. ಯಾರಿಗೂ ಏನೂ ಆಗಿಲ್ಲ. ಯಾರೂ ಆ ಕಡೆ ಬರ್ಬೇಡಿ."

"ಕುಸಿತಾನಾ?" ಮಿನೋರ್‌ನ ಧ್ವನಿ. "ಈ ಬೆಕ್ಕಿನ ಕೂದಲಿಗಾ? ಹಗ್ಗ ತರ್ತೀನಿ, ಇರು."

"ಬೇಡ ಅಂದ್ನಲ್ಲ ಮಾರಾಯ. ಬರ್ಬೇಡ."

"ಇದೇನೋ ವಿಚಿತ್ರ. ಮೊನ್ನೆ ಅಷ್ಟು ಮಳೆ ಹೊಡೆದಾಗ ಕುಸೀಲಿಲ್ಲ."

ವಿಲ್ಬೆರ್ ಒಳ್ಳೆಯ ಸುಳ್ಳುಗಾರನಲ್ಲ, ಹಾವು ಬಚ್ಚಿಟ್ಟಾಗಲೂ ಹಾಗೇ ಸಿಕ್ಕಿಬಿದ್ದಿದ್ದ. ಒದಿಲಿಯಾಳ ಬೆರಳು ತಾನಾಗಿ ಗುಂಡಿ ಒತ್ತಿತು.

"ಹೌದು ಮಿನೋರ್. ನಾನು ಈಗಷ್ಟೇ ಅಲ್ಲಿಂದ ಬಂದೆ. ಮಣ್ಣು ಸಡಿಲ ಆಗಿತ್ತು."

ಕಟ್ಟಳೆಯಂತೆ ಅವಳ ಜೊತೆ ಯಾರೂ ಮಾತಾಡಬಾರದು, ಆದರೆ ಇದು ಅಪಾಯದ ಚಾನೆಲ್. ಕೊನೆಗೆ ಮಿನೋರ್, "ಸರಿ ದೋನ್ಯಾ. ಬೆಳಗ್ಗೆ ದೋನ್ ಅಬೆಲಿನೊ ಜೊತೆ ಹೋಗಿ ನೋಡ್ತೀನಿ," ಎಂದ.

ಬೆಳಗ್ಗೆ ನೋಡಿದರೆ ಅಲ್ಲಿ ಕುಸಿತ ಇರಬೇಕಲ್ಲ. ರಾತ್ರಿಯೆಲ್ಲ ಒದಿಲಿಯಾಗೆ ನಿದ್ದೆ ಹತ್ತಲಿಲ್ಲ. ಬೆಳಕು ಹರಿಯುವ ಮುಂಚೆ ಹಿತ್ತಲಿನ ಸೀಮೆಬದನೆ ಪಾತಿಯಿಂದ ಕಳೆ ಕೀಳುವ ಮೋಟು ಕುಂಟೆ ಎತ್ತಿಕೊಂಡು ಹೊರಟಳು. ಮೇಲಿನ ದಾರಿ ಶುರುವಾಗುವಲ್ಲಿ, ತಿರುವಿಗೆ ಬಹಳ ಮುಂಚೆ, ಯಾರೋ ಏದುಸಿರು ಬಿಡುತ್ತಿದ್ದರು. ವಿಲ್ಬೆರ್ ಅಂಗಿ ಬಿಚ್ಚಿ ಮರಕ್ಕೆ ಹಾಕಿ, ಗುದ್ದಲಿಯಿಂದ ದಾರಿಯನ್ನು ಅಗೆದು ಕೊರಕಲಿಗೆ ತಳ್ಳುತ್ತಿದ್ದ. ಅವಳನ್ನೂ ಕುಂಟೆಯನ್ನೂ ನೋಡಿದ.

"ಇದೇನು, ತರಕಾರಿ ನೆಡೋಕೆ ಬಂದ್ರಾ?"

"ಸರಿ, ಜರುಗು."

ಇಬ್ಬರೂ ಅಗೆದರು. ಸ್ವಲ್ಪ ಹೊತ್ತಾದ ಮೇಲೆ ಅವನು ಗುದ್ದಲಿಗೆ ಒರಗಿ ನಿಂತ.

"ನಿಮಗೋಸ್ಕರ ಮಾಡ್ತಿಲ್ಲ ನಾನು. ಆ ಪವಿತ್ರ ವಾರ ನಾನಿನ್ನೂ ಮರ್ತಿಲ್ಲ."

"ಮರೀಬೇಡ. ನಾನೂ ಮರ್ತಿಲ್ಲ. ಅವತ್ತು ತಪ್ಪು ನಿಂದೇ."

"ನಿಮ್ಮನ್ನ ಹಿಡಿದುಹಾಕ್ಬೇಕು ಅಂತಲೇ ಹೋಗಿದ್ದೆ. ಎಲ್ರಿಗೂ ಕರೆ ಕೊಡೋಕೆ ರೇಡಿಯೋ ಕೈಲೇ ಇತ್ತು." ಅವನು ಮುಖ ಒರೆಸಿಕೊಂಡ. "ಬೆಳಕು ಆ ಗಂಡು ಕೋಳಿ ಮುಖಕ್ಕೇ ಬಿತ್ತು, ದೋನ್ಯಾ. ಎದ್ದು ಹೋಗ್ತಾನೆ ಅಂದ್ಕೊಂಡೆ. ಹೋಗ್ಲಿಲ್ಲ ಅವನು. ನನ್ನನ್ನೇ ನೋಡ್ತಾ ರೆಕ್ಕೆ ಹರಡಿ ಇನ್ನೂ ಅಗಲ ಆದ. ಒಂದು ಮೊಟ್ಟೆ ಹೊರಗೆ ಕಾಣ್ತಿತ್ತು, ಅದನ್ನೂ ರೆಕ್ಕೆ ಕೆಳಗೆ ಎಳ್ಕೊಂಡ. ನಡುಗ್ತಿದ್ದ, ಆದ್ರೂ ಎಳ್ಕೊಂಡ. ಹೋದ ವರ್ಷ ನಾವು ಬೆದರಿಸಿದ್ದೂ ಇಂಥವನನ್ನೇ ಅಲ್ವಾ."

ಒದಿಲಿಯಾಗೆ ಈ ಮನುಷ್ಯನ ಮೇಲೆ ಇಷ್ಟು ವರ್ಷ ಇದ್ದ ಕಹಿ ಅಷ್ಟು ಸುಲಭವಾಗಿ ಹೋಗುವಂಥದ್ದಲ್ಲ, ಆದರೆ ಆ ಗಳಿಗೆಯಲ್ಲಿ ಅವನ ಬೆವರಿದ ಬೆನ್ನು ಕಂಡು ಅವಳಿಗೆ ತಮ್ಮನನ್ನು ನೋಡಿದ ಹಾಗಾಯಿತು. "ಅಗೆ, ಅಗೆ. ಬೆಳಕಾಯ್ತು," ಎಂದಳು.

ಮಧ್ಯಾಹ್ನ ಎಲ್ಲರೂ ಮೇಜಿಗೆ ಸೇರಿದರು. ಅನ್ನಕ್ಕೆ ಬೀನ್ಸ್ ಕಾಳು ಕಲಸಿದ ದೊಡ್ಡ ಪಾತ್ರೆ ನಡುವೆ ಇತ್ತು, ಯಾರೂ ಬಡಿಸಿಕೊಳ್ಳಲಿಲ್ಲ. ದೋನ್ ಅಬೆಲಿನೊನ ಬೂಟಿಗೆ ಮೇಲಿನ ದಾರಿಯ ಕೆಂಪು ಮಣ್ಣು ಮೆತ್ತಿತ್ತು.

"ನಾನೂ ಮಿನೋರೂ ಹೋಗಿ ನೋಡಿ ಬಂದ್ವಿ," ಎಂದ. "ಎಪ್ಪತ್ತು ವರ್ಷದಿಂದ ಈ ಬೆಟ್ಟದಲ್ಲಿದೀನಿ. ಮಣ್ಣು ತಾನಾಗಿ ಕುಸಿದ್ರೆ ಹೇಗಿರುತ್ತೆ ಅಂತ ನನಗೆ ಗೊತ್ತು. ಅದು ಅಗೆದಿದ್ದು. ಅಪಾಯದ ಚಾನೆಲ್‌ನಲ್ಲಿ ಸುಳ್ಳು ಹೋಗಿದೆ. ಹಾವು ಬಚ್ಚಿಡೋದು ಬೇರೆ, ಇದು ಬೇರೆ. ನಾಳೆ ನಿಜವಾಗಿ ಯಾರಾದ್ರೂ ಬಿದ್ದು ಕೂಗಿದಾಗ ನಾವು ನಂಬಬೇಕಲ್ಲ. ಅಗೆದೋರು ಯಾರು?"

ಎಲ್ಲರ ಕಣ್ಣೂ ಒದಿಲಿಯಾಳ ಮೇಲೆ. ಅವಳು ಎದ್ದಳು. ತನ್ನ ರೇಡಿಯೋ ತೆಗೆದು ಮೇಜಿನ ಮೇಲಿಟ್ಟಳು.

"ನಾನು. ನಿನ್ನೆ ಸಂಜೆಯೇ ಅಗೆದಿಟ್ಟಿದ್ದೆ, ಯಾರೂ ಆ ಕಡೆ ಹೋಗ್ಬಾರ್ದು ಅಂತ. ಕತ್ತಲೇಲಿ ವಿಲ್ಬೆರ್ ಅದನ್ನ ಕುಸಿತ ಅಂತ ನಂಬಿ ಹೇಳಿದ. ಅವನ ತಪ್ಪಿಲ್ಲ. ಏನು ಬಚ್ಚಿಟ್ಟಿದೀನಿ ಅಂತ ನಾನು ಇವತ್ತೂ ಹೇಳಲ್ಲ. ಸೋಮವಾರದಿಂದ ಬರಲ್ಲ, ದೋನ್ ಅಬೆಲಿನೊ. ಇಷ್ಟು ವರ್ಷ ಕಾಡು ಕೊಟ್ರಿ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ."

ಅವಳು ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟಿದ್ದಳು. ಹಿಂದೆ ಬೆಂಚು ಕಿರ್ರೆಂದಿತು.

"ಗುದ್ದಲಿ ನಂದು," ಎಂದ ವಿಲ್ಬೆರ್.

ಎಲ್ಲರೂ ಅವನ ಕಡೆ ತಿರುಗಿದರು.

"ಅವರ ಹತ್ರ ಇದ್ದಿದ್ದು ಮೋಟು ಕುಂಟೆ. ಅದರಲ್ಲಿ ಕೊತ್ತಂಬರಿ ಪಾತಿ ಕೂಡ ಅಗೆಯೋಕಾಗಲ್ಲ. ಸುಳ್ಳು ಹೇಳಿದ್ದೂ ನಾನೇ, ಗೊತ್ತಿದ್ದೇ ಹೇಳಿದ್ದು." ಅವನೂ ರೇಡಿಯೋ ಬಿಚ್ಚಿ ಅವಳ ರೇಡಿಯೋದ ಪಕ್ಕ ಇಟ್ಟ. "ಅವರನ್ನ ಕಳಿಸೋದಾದ್ರೆ ನನ್ನನ್ನೂ ಕಳಿಸಿ."

"ನೀನಾ?" ದೋನ್ ಅಬೆಲಿನೊ ಮರ್ಯಾದೆ ಮರೆತು ಏಕವಚನಕ್ಕೆ ಇಳಿದುಬಿಟ್ಟ. "ಇವರಿಗೋಸ್ಕರ ನೀನಾ? ಯಾತಕ್ಕೆ?"

"ಕೇಳಿದ್ರೆ ಹೇಳ್ಬೇಕಾಗುತ್ತೆ. ಹೇಳಿದ್ರೆ ನೀವು ಪಾದ್ರಿನ ಕರ್ಕೊಂಡು ಹೋಗ್ತೀರಿ. ಮಿನೋರ್ ಮಾವನ್ನ ಕರ್ಕೊಂಡು ಹೋಗ್ತಾನೆ. ನಾನು ನಮ್ಮಮ್ಮನ್ನ ಬಿಟ್ಟು ಹೋಗ್ತೀನಾ? ಕೇಳ್ಬೇಡಿ."

ಮೇಜಿನ ಸುತ್ತ ಒಬ್ಬೊಬ್ಬರ ತಲೆಯೂ ಕೆಳಗೆ ಹೋಯಿತು. ದೋನ್ ಅಬೆಲಿನೊ ಬೂಟಿನ ಕೆಂಪು ಮಣ್ಣನ್ನೇ ನೋಡುತ್ತಾ ಕೂತ. ಆಮೇಲೆ ಪಾತ್ರೆಯನ್ನು ಹತ್ತಿರ ಎಳೆದು ಒದಿಲಿಯಾಳ ತಟ್ಟೆಗೆ ಅನ್ನ ಬಡಿಸಿದ, ವಿಲ್ಬೆರ್‌ನ ತಟ್ಟೆಗೂ ಬಡಿಸಿದ, ರೇಡಿಯೋಗಳನ್ನೂ ಅವರವರ ಕಡೆಗೆ ತಳ್ಳಿದ.

"ಆದ್ರೂ ಅದು ಕುಸಿತದ ಥರ ಇಲ್ಲವೇ ಇಲ್ಲ," ಎಂದ ಮಿನೋರ್, ತಲೆ ಎತ್ತದೆ. "ಊರವರು ಯಾರು ನೋಡಿದ್ರೂ ಅಗೆದಿದ್ದು ಅಂತಾರೆ. ಮೇಲಿಂದ ಒಂದು ಮರದ ಕೊರಡು ಉರುಳಿಸ್ಬೇಕು, ನಾಲ್ಕು ಬಂಡೆ ತಂದು ಹಾಕ್ಬೇಕು."

"ಊಟ ಮಾಡಿ ಹೋಗೋಣ," ಎಂದ ಇನ್ನೊಬ್ಬ.

ಊಟ ಮುಗಿಸಿ ಎಲ್ಲರೂ ಕೊಟ್ಟಿಗೆಯಿಂದ ಒಂದೊಂದು ಗುದ್ದಲಿ, ಹಾರೆ ಹೆಗಲಿಗೇರಿಸಿಕೊಂಡು ಬೆಟ್ಟ ಹತ್ತಿದರು. ಮುದುಕನೂ ಹತ್ತಿದ. ಒದಿಲಿಯಾ ಮುಂದೆ ಇದ್ದಳು. ಕತ್ತಲಾಗುವವರೆಗೂ ಮಣ್ಣು ತಳ್ಳಿದರು, ಒಬ್ಬರನ್ನೊಬ್ಬರು ಬೈದುಕೊಂಡರು, ನಕ್ಕರು. ತಿರುವಿನಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ.